ಮೂರು ಹಿಡಿ ಉಪ್ಪು

ನಮ್ಮ ಬರ್ಗರ್ ಅಂಗಡಿಗಳದ್ದು ಒಂದು ಕಟ್ಟಳೆ ಇದೆ. ಹೊಸ ಅಂಗಡಿ ತೆರೆದ ದಿನ ಮೊದಲ ಬರ್ಗರ್ ಶಿವನ ಎಡೆಗೆ ಹೋಗಬೇಕು, ಅಲ್ಲಿಯವರೆಗೆ ಯಾರೂ ರುಚಿ ನೋಡಕೂಡದು. ನೋಡಿದರೆ ಎಂಜಲು. ನಂಜನಗೂಡಿನಲ್ಲಿ ಹೀಗೇ ಶುರುವಾಯಿತು, ಆಮೇಲೆ ಹುಲ್ಲಹಳ್ಳಿಯಲ್ಲಿ. ಹೋದ ಜನವರಿಯಲ್ಲಿ ತಿ. ನರಸೀಪುರದ ಸರದಿ ಬಂತು.

ಆ ಮೂರನೇ ಅಂಗಡಿ ನನಗೆ ಬೇಕಿತ್ತು. ಎಂಟು ವರ್ಷ ಅಣ್ಣ ಅಮೃತೇಶನ ಕೈಕೆಳಗೆ ಈರುಳ್ಳಿ ಹೆಚ್ಚಿ ಹೆಚ್ಚಿ ಸಾಕಾಗಿತ್ತು. ಅಪ್ಪ ಬಸವಯ್ಯ ಷರತ್ತು ಹಾಕಿದ್ದರು. ಮೊದಲ ದಿನ ಒಬ್ಬ ಗಿರಾಕಿಯೂ ತಟ್ಟೆಯಲ್ಲಿ ಬಿಟ್ಟು ಏಳಬಾರದು, ಎದ್ದರೆ ಅಂಗಡಿ ಅಮೃತೇಶನಿಗೆ. ಅವನೋ ಆಗಲೇ ಗಲ್ಲಾದ ಕುರ್ಚಿಯಲ್ಲಿ ಕೂತು, ಮೆತ್ತಗಿದೆಯೇ ಎಂದು ಹಿಂದೆ ಮುಂದೆ ಒರಗಿ ನೋಡುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ಆಲೂಗಡ್ಡೆ, ಹಿತುಕಿದ ಅವರೆಬೇಳೆ ಕಲಸಿ ನೂರು ವಡೆ ತಟ್ಟಿದೆ. ಎಡೆಯಾಯಿತು. ಶಿವ ಏನೂ ಹೇಳಲಿಲ್ಲ. ಪಕ್ಕದ ಗೊಬ್ಬರದ ಅಂಗಡಿಯ ನಂಜೇಶ್ ಮೊದಲ ಗಿರಾಕಿ. ಒಂದು ಕಚ್ಚು ಕಚ್ಚಿದರು, ಕಣ್ಣು ಮೇಲೆ ಹೋಯಿತು. ಎರಡು ಲೋಟ ನೀರು ಕುಡಿದು ಬರ್ಗರನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು. ಇನ್ನೇನು ಏಳಬೇಕು, ಅಷ್ಟರಲ್ಲಿ ನಾನು ಹಾರಿ ಹೋಗಿ ತಟ್ಟೆ ಕಿತ್ತುಕೊಂಡೆ.

"ಇನ್ನೂ ಪೂರ್ತಿ ಆಗಿಲ್ಲ ಸಾ. ಕೂತ್ಕಳಿ, ಈಗ್ಲೇ ತತ್ತೀನಿ."

ಅಡುಗೆಮನೆಯಲ್ಲಿ ಒಂದು ಚೂರು ಬಾಯಿಗಿಟ್ಟರೆ ಬರೀ ಉಪ್ಪು. ಬಾಯಿಗೆ ಬಂದಂತೆ ಬೈದೆ. ಉಪ್ಪು ಹಾಕಿದವರು ಯಾರು? ನಾನು ಒಂದು ಹಿಡಿ ಹಾಕಿದ್ದೆ. ನಾನು ಮರೆತಿರಬೇಕು ಅಂತ ಅಮ್ಮ ಒಂದು ಹಿಡಿ ಹಾಕಿದ್ದಳು. ಇಬ್ಬರೂ ಮರೆತಿರುತ್ತಾರೆ ಅಂತ ಅಮೃತೇಶ ಇನ್ನೊಂದು. ರುಚಿ ನೋಡುವಂತಿಲ್ಲವಲ್ಲ!

ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಂಜನಗೂಡಲ್ಲಿ ಮೊದಲ್ನೇ ದಿನ ಯಾರೂ ಉಪ್ಪೇ ಆಕಿರ್ಲಿಲ್ಲ ಕಣೆ. ನನ್ ಬುತ್ತಿಲಿದ್ದ ಉಪ್ಪಿನಕಾಯಿನೇ ಬನ್ನೊಳಕ್ಕೆ ತುರುಕ್ದೆ."

ನನಗೆ ತಲೆ ಗಿರ್ರೆಂದಿತು. ಊರಿಗೆಲ್ಲ ಹೆಸರಾದ ನಮ್ಮ ಉಪ್ಪಿನಕಾಯಿ ಬರ್ಗರ್! ಎರಡು ವರ್ಷ ತಲೆ ಕೆಡಿಸಿಕೊಂಡು ಕಂಡುಹಿಡಿದೆ ಅಂತ ಅಪ್ಪ ಕಂಡವರಿಗೆಲ್ಲ ಹೇಳಿಕೊಂಡು ಬಂದ ಬರ್ಗರ್! ಬಾಗಿಲಲ್ಲಿ ನಿಂತಿದ್ದ ಅಪ್ಪ ಸೀಲಿಂಗ್ ಫ್ಯಾನ್ ನೋಡತೊಡಗಿದರು.

ಪೂಜೆಗೆ ತಂದಿದ್ದ ರಸಬಾಳೆ ಗೊನೆ ಮೂಲೆಯಲ್ಲಿತ್ತು, ಕಳಿತು ಘಮಘಮ ಅನ್ನುತ್ತಿತ್ತು. ಎರಡು ಹಣ್ಣು ಸುಲಿದು, ಬಿಲ್ಲೆ ಕೊಯ್ದು, ಉಪ್ಪುಪ್ಪಾಗಿದ್ದ ವಡೆಯ ಮೇಲೆ ದಪ್ಪಗೆ ಹರಡಿ, ಮೆಣಸಿನ ಪುಡಿ ಉದುರಿಸಿ, ಬನ್ನು ಮುಚ್ಚಿ ಓಡಿದೆ.

ನಂಜೇಶ್ ಹೆದರುತ್ತಲೇ ಕಚ್ಚಿದರು. ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಕಚ್ಚಿದರು. ಆಮೇಲೆ ಬೆರಳು ನೆಕ್ಕಿ, ಮನೆಗೆ ನಾಲ್ಕು ಕಟ್ಟಿಕೊಡಿ ಅಂದರು. ನನಗೆ ಅವರನ್ನು ಎತ್ತಿಕೊಂಡು ಕುಣಿಯುವಷ್ಟು ಖುಷಿಯಾಯಿತು. ಸಂಜೆಯೊಳಗೆ ಗೊನೆಯಲ್ಲಿ ದಿಂಡು ಮಾತ್ರ ಉಳಿಯಿತು. ತಟ್ಟೆಗಳೆಲ್ಲ ಖಾಲಿ.

ಇದನ್ನು ಹೇಗಮ್ಮ ಕಂಡುಹಿಡಿದೆ ಅಂತ, ಮತ್ತೆ ಬಂದ ನಂಜೇಶ್ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದು, ಅಮೃತೇಶನನ್ನು ಕುರ್ಚಿಯಿಂದ ಎಬ್ಬಿಸಿ, ಗಲ್ಲಾದ ಬೀಗದಕೈ ನನ್ನ ಅಂಗೈಗೆ ಒತ್ತಿದರು.

"ನನ್ ಮಗ್ಳು ಎರಡು ವರ್ಸ ತಲೆ ಕೆಡಿಸ್ಕೊಂಡು ಮಾಡವ್ಳೆ ಕಣ್ರೀ."

ನಾನು ಹೌದೆಂದು ಗಂಭೀರವಾಗಿ ತಲೆಯಾಡಿಸಿದೆ.