ಮೊದಲ ದಿಬ್ಬ

ಕಾಗದ ಸರಿಯುತ್ತಿತ್ತು, ಪೆನ್ನು ಅದರ ಮೇಲೆ ಗೆರೆ ಎಳೆಯುತ್ತಿತ್ತು. ದ್ರವದಲ್ಲಿ ಬೆರೆತದ್ದನ್ನು ಬಿಡಿಸಿ ತೋರಿಸುವ ಆ ಯಂತ್ರಕ್ಕೆ ನಮ್ಮ ಪ್ರಯೋಗಾಲಯದಲ್ಲಿ ಮುಖ್ಯಸ್ಥರಾದ ಪದ್ಮರಾಜಯ್ಯನವರಿಗಿಂತ ಹೆಚ್ಚಿನ ಮರ್ಯಾದೆಯಿತ್ತು. ಕಾರಣ, ಅದು ಕಡಿಮೆ ಮಾತಾಡುತ್ತಿತ್ತು. ಗೆರೆ ಎದ್ದು ದಿಬ್ಬವಾದರೆ ಏನೋ ಇದೆ. ನೆಟ್ಟಗೆ ಹೋದರೆ ಇಲ್ಲ.

ಆ ದಿನ ಪೇದೆ ಕೆಂಪಯ್ಯ ಅರ್ಧ ಬಾಟಲಿ ಕಳ್ಳಭಟ್ಟಿ ತಂದಿಟ್ಟ. ಅದನ್ನು ಕುಡಿದವರಲ್ಲಿ ಅವನ ತಮ್ಮ ಮಾದೇಶನೂ ಒಬ್ಬ.

"ಆಸ್ಪತ್ರೇಲಿ ಮಲಗವ್ನೆ ಸಾ. ಮಟಮಟ ಮಧ್ಯಾಹ್ನ ದೀಪ ಹಚ್ಚು ಅಂತಾನೆ. ಬರೀ ಸಾರಾಯಿನೋ, ಮೆಥನಾಲ್ ಅನ್ನೋ ವಿಷ ಬೆರೆತದೋ ಕೇಳ್ಕೊಂಡ್ ಬಾ, ಔಷಧಿ ಬೇರೆ ಬೇರೆ ಅಂದ್ರು ಡಾಕ್ಟ್ರು."

"ಯಂತ್ರ ಹೇಳುತ್ತೆ, ಕೂತ್ಕೊಳಯ್ಯ."

ಪದ್ಮರಾಜಯ್ಯನವರೇ ಸಿರಿಂಜಿನಿಂದ ಒಂದು ಹನಿ ಒಳಬಿಟ್ಟರು. ಎದ್ದದ್ದು ಒಂದೇ ದಿಬ್ಬ: ಎಥನಾಲ್, ಮಾಮೂಲಿ ಸಾರಾಯಿ. ಅದರ ಹಿಂದೆ ಮುಂದೆ ಗೆರೆ ನೆಟ್ಟಗೆ. "ಮೆಥನಾಲ್ ಇಲ್ಲವೇ ಇಲ್ಲ" ಎಂದು ಆಸ್ಪತ್ರೆಗೆ ಫೋನು ಮಾಡಿದರು. ಕೆಂಪಯ್ಯ ಯಂತ್ರಕ್ಕೂ ಸೇರಿಸಿ ಕೈಮುಗಿದು ಹೋದ.

ಸಂಜೆ ಸಹೋದ್ಯೋಗಿ ಪ್ರಫುಲ್ಲಾ ಆ ಕಾಗದ ನೋಡಿ, ಪಂಪಿಗೆ ಜೋಡಿಸಿದ್ದ, ಹನಿಯನ್ನು ಯಂತ್ರದೊಳಗೆ ಹೊತ್ತೊಯ್ಯುವ ದ್ರವದ ಬಾಟಲಿಯನ್ನೂ ನೋಡಿದರು.

"ಸರ್, ಒಳಗೆ ಹರೀತಿರೋದು ಏನು?"

"ಬೆಳಿಗ್ಗೆ ಮಾತ್ರೆ ಪರೀಕ್ಷೆಗೆ ಹಾಕಿದ್ನಲ್ಲ, ಅದೇ. ಮೆಥನಾಲ್."

"ಮೆಥನಾಲ್ ಹೊಳೇಲಿ ಒಂದು ಚೊಂಬು ಮೆಥನಾಲ್ ಸುರಿದು, ಎಲ್ಲಿ ತೋರಿಸು ಅಂದ್ರೆ ಪಾಪ ಅದು ಏನು ಮಾಡೀತು?"

ಪದ್ಮರಾಜಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು. ಎಷ್ಟು ಹೊತ್ತಾದರೂ ಅದು ಶುದ್ಧವಾಗಲಿಲ್ಲ. ಫೋನನ್ನು ಪ್ರಫುಲ್ಲಾ ಅವರೇ ಎತ್ತಿಕೊಂಡರು. "ನಾವು ಹೇಳಿದ್ದು ನಂಬಬೇಡಿ. ಮೆಥನಾಲ್ ಇದೆ ಅಂತಲೇ ಔಷಧಿ ಕೊಡಿ."

ಯಂತ್ರವನ್ನು ತೊಳೆದು, ಈ ಸಲ ಬರೀ ನೀರು ಹರಿಸಿ, ಮತ್ತೆ ಹನಿ ಬಿಟ್ಟೆವು. ಎಥನಾಲಿಗಿಂತ ಮೊದಲೇ ಇನ್ನೊಂದು ಸಣ್ಣ ದಿಬ್ಬ ಎದ್ದಿತು: ಮೆಥನಾಲ್.

ಮಾದೇಶ ಉಳಿದ. ಮಧ್ಯಾಹ್ನದಿಂದ ಸಂಜೆಯೊಳಗೆ ಅವನ ಕಣ್ಣು ಹೋಗಿತ್ತು.

ಕೆಲವು ತಿಂಗಳ ಮೇಲೆ ಅಣ್ಣನ ಭುಜ ಹಿಡಿದುಕೊಂಡು ಬಂದ. ಪದ್ಮರಾಜಯ್ಯನವರ ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿತು.

"ಅದೇನೋ ಗೆರೆ ಬಂತಂತಲ್ಲ ಸಾ, ಎಲ್ಲಿ, ಕೊಡಿ."

ನೀರು ಹರಿಸಿ ಬರೆಸಿದ್ದ ಕಾಗದ ಕೊಟ್ಟೆ. ಪೆನ್ನು ಒತ್ತಿ ಎಳೆದಿದ್ದ ಗೆರೆ ಕೈಗೆ ಸಿಗುತ್ತಿತ್ತು. ಅವನ ಬೆರಳು ಹಿಡಿದು ಮೊದಲ ದಿಬ್ಬದ ಮೇಲಿಟ್ಟೆ.

"ಇಷ್ಟೇನಾ?"

"ಇಷ್ಟೇ."

"ಮೊದ್ಲು ಬರೆದ ಕಾಗ್ದನೂ ಕೊಡಿ."

ಕೊಟ್ಟೆ. ಅವನ ಬೆರಳು ಅಲ್ಲಿದ್ದ ಒಂದೇ ದಿಬ್ಬವನ್ನು ಹತ್ತಿ ಇಳಿಯಿತು.

"ಇದು ಅದಲ್ಲ, ಅಲ್ವಾ?"

"ಅಲ್ಲ."

ಬೆರಳು ಇನ್ನೊಂದನ್ನು ಹುಡುಕುತ್ತ ನೆಟ್ಟನೆಯ ಗೆರೆಯ ಮೇಲೆ ನಿಧಾನವಾಗಿ ಮುಂದೆ ಹೋಯಿತು. ಕಾಗದ ಮುಗಿದ ಮೇಲೂ, ಗಾಳಿಯಲ್ಲಿ, ಸ್ವಲ್ಪ ದೂರ ಹೋಯಿತು.