ಮಳೆ ಕೂರುವ ಜಾಗ

ಮುಂದಿನ ದೋಣಿಯಲ್ಲಿ ಬೆಂಚುಗಳು ಕಾಲು ಮೇಲೆ ಮಾಡಿಕೊಂಡು ಮಲಗಿದ್ದವು. ಹಿನ್ನೀರಿನ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ದೋಣಿಯೂ ಕಾಣದು, ಹುಟ್ಟು ಹಾಕುವವನೂ ಕಾಣನು. ನೀಲಿ ಬಣ್ಣದ ಆ ಕಾಲುಗಳಷ್ಟೇ ಬೆಳ್ಳನೆಯ ಹೊಗೆಯೊಳಗೆ ತೇಲಿಕೊಂಡು ಹೋಗುತ್ತಿದ್ದವು. ಹಿಂದಿನ ದೋಣಿಯಲ್ಲಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದ ಗಿಳಿರಾಯನಿಗೆ ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ಯಾವುದೋ ಸಾಧು ಪ್ರಾಣಿಗಳ ಹಿಂಡು ಅಂಗಾತ ಈಜುತ್ತಿದೆ ಎಂದುಕೊಂಡ. ಕಣ್ಣುಜ್ಜಿಕೊಂಡು ನೋಡಿದರೂ ಹಿಂಡು ಹಾಗೇ ಇತ್ತು.

"ಅವೆಲ್ಲ ಎಲ್ಲಿಗೆ ಹೋಗ್ತಿವೆ?" ಎಂದು ಕೇಳಿದ.

"ಶಾಲೆಗೆ ಸಾರ್," ಎಂದ ದೋಣಿಯವನು.

"ಬೆಂಚುಗಳಾ?"

"ಹೂಂ. ನಮ್ಮ ದೋಣಿಕಟ್ಟೆ ಬೆಂಚುಗಳು. ಈ ವಾರ ದಿನಾ ಶಾಲೆಗೆ ಹೋಗಿ ಬರ್ತಿವೆ. ಮೊನ್ನೆ ಗುಡ್ಡದ ಶಾಲೆ, ನಿನ್ನೆ ಆಚೆ ದಡದ್ದು, ಇವತ್ತು ನಡುಗಡ್ಡೆದು. ಯಾರೋ ದೊಡ್ಡ ಸಾಹೇಬರು ನೋಡೋಕೆ ಬರ್ತಾರಂತೆ. ಕಟ್ಟೆ ಹತ್ರ ಜನ ನಿಂತೂ ನಿಂತೂ ಕಾಲು ಬಿದ್ದೋಗಿದೆ. ಏನ್ ಮಾಡೋದು, ಓದೋ ವಯಸ್ಸಿನ ಬೆಂಚನ್ನ ತಡೆಯೋಕಾಗುತ್ತಾ?" ಅವನು ಹುಟ್ಟನ್ನು ನೀರಿನಿಂದ ಎತ್ತಿ ಸುಮ್ಮನೆ ಹಿಡಿದುಕೊಂಡ. ದೋಣಿ ನಿಧಾನವಾಯಿತು. "ನಿಮಗೇನೂ ಅವಸರ ಇಲ್ವಲ್ಲ ಸಾರ್? ಸ್ವಲ್ಪ ಸುತ್ತಿಕೊಂಡು ಹೋಗೋಣ. ಬೆಂಚು ಮೊದಲು ಮುಟ್ಟಬೇಕು ಅಂತ ಟೀಚರಮ್ಮ ಹೇಳಿಬಿಟ್ಟಿದ್ದಾರೆ."

ಆ ದೊಡ್ಡ ಸಾಹೇಬ ತಾನೇ ಎಂದು ಹೇಳಲು ಗಿಳಿರಾಯನಿಗೆ ಬಾಯಿ ಬರಲಿಲ್ಲ. ಸಾಹೇಬನೆನ್ನಿಸುವಂಥದ್ದು ಅವನ ಮೈಮೇಲೆ ಏನೂ ಇರಲಿಲ್ಲ. ಚಪ್ಪಲಿಗೆ ಕೂಡ ಪಿನ್ನು ಹಾಕಿತ್ತು. "ನನಗೇನೂ ಅವಸರ ಇಲ್ಲಪ್ಪ," ಎಂದ. ದೋಣಿ ಮಂಜಿನೊಳಗೆ ಒಂದು ದೊಡ್ಡ ಸುತ್ತು ಹಾಕತೊಡಗಿತು.

ಈಗ ಅರ್ಥವಾಯಿತು. ಮೊನ್ನೆ ಗುಡ್ಡದ ಶಾಲೆಯಲ್ಲಿ ಬೆಂಚೊಂದರ ಬೆನ್ನಹಲಗೆಯ ಮೇಲೆ ಯಾರೋ ಮೊಳೆಯಿಂದ ಗೀರಿದ ಮೀನು ಕಂಡಿತ್ತು. ನಿನ್ನೆ ಆಚೆ ದಡದ ಶಾಲೆಯಲ್ಲಿ ಅದೇ ಮೀನು, ಅದೇ ಓರೆ ಬಾಲ. ಹಿಂದಿನ ದಿನದೊಳಗೇ ಇನ್ನೊಮ್ಮೆ ಎದ್ದಿದ್ದೇನೆಯೇ ಎಂದು ಗಾಬರಿಯಾಗಿ, ರಾತ್ರಿ ಬೇಗ ಮಲಗಿದ್ದ.

ಗಿಳಿರಾಯ ಎಂಬುದು ಕಚೇರಿಯವರು ಇಟ್ಟ ಹೆಸರು. ಪ್ರಾದೇಶಿಕ ಯೋಜನಾ ಕಚೇರಿಯಲ್ಲಿ ಅವನು ಸಮೀಕ್ಷಕ. ಕೆಲಸ ಸಮೀಕ್ಷೆಯಾದರೂ ಬೇಡಿಕೆಯಿದ್ದದ್ದು ಕಂಠಕ್ಕೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಅವನ ಬಾಯಿಂದ ಬರುತ್ತಿತ್ತು. ನಿರ್ದೇಶಕರು ರಜೆಯಲ್ಲಿದ್ದಾಗ ಅವರ ಕೋಣೆಯ ಪರದೆಯ ಹಿಂದೆ ನಿಂತು, "ನೋಡಪ್ಪಾ, ಅದು ಏನಪ್ಪಾ ಅಂದ್ರೇ..." ಎಂದು ಶುರುಮಾಡಿದರೆ, ಗೊತ್ತಿದ್ದವರು ಕೂಡ ಕುರ್ಚಿಯಿಂದ ಅರ್ಧ ಏಳುತ್ತಿದ್ದರು.

ನಿರ್ದೇಶಕರದ್ದು ಒಂದೇ ಪಟ್ಟು. "ನೋಡಪ್ಪಾ, ಅದು ಏನಪ್ಪಾ ಅಂದ್ರೇ, ಕಣ್ಣಿಗೆ ಕಂಡದ್ದು ಬರಿ. ಕೇಳಿದ್ದು ಬೇಡ, ಊಹೆ ಮಾಡಿದ್ದು ಬೇಡ. ಕಿವಿಗೆ ಲಂಚ ಕೊಡಬಹುದು, ಕಣ್ಣಿಗೆ ಕೊಡೋಕಾಗಲ್ಲ." ಕಂಡ ಕೊರತೆಗೆ ಅಂಕ. ಯಾವ ಶಾಲೆಗೆ ಕೊರತೆಯ ಅಂಕ ಹೆಚ್ಚೋ ಅದಕ್ಕೆ ಹೊಸ ಕಟ್ಟಡ. ಈ ಯೋಜನೆಯಲ್ಲಿ ಹಿನ್ನೀರಿನ ಪಾಲಿಗೆ ಬಂದದ್ದು ಒಂದೇ ಒಂದು ಕಟ್ಟಡ, ಇದ್ದದ್ದು ಮೂರು ಶಾಲೆ. ಉಳಿದೆರಡು ಮುಂದಿನ ಯೋಜನೆಗೆ ಕಾಯಬೇಕು. ಆ ಹೊತ್ತಿಗೆ ಈಗ ಅಕ್ಷರ ತಿದ್ದುತ್ತಿರುವವರಿಗೆ ಮೀಸೆ ಬಂದಿರುತ್ತದೆ. ಮಳೆಗಾಲದಲ್ಲಿ ದೋಣಿ ನಿಲ್ಲುವುದರಿಂದ, ಸೋರುವ ಸೂರು ಯಾವುದೆಂದು ಬಿಸಿಲಿನ ದಿನಗಳಲ್ಲೇ ನೋಡಿಕೊಂಡು ಬರಬೇಕೆಂಬುದು ಕಚೇರಿಯ ಪದ್ಧತಿ. ಇದರಲ್ಲಿ ನಗುವಂಥದ್ದೇನಿದೆ ಎಂದು ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆದರೆ ನೋಡಲು ಬರುತ್ತಾರೆಂದರೆ ತಪ್ಪು ಹುಡುಕಲು ಬರುತ್ತಾರೆ ಎಂದೇ ಈ ಕಡೆಯ ಶಾಲೆಗಳು ತಿಳಿದುಕೊಂಡು ಬಂದಿದ್ದವು. ಸುದ್ದಿ ಬಂದ ಕೂಡಲೇ ಸುಣ್ಣ, ಬಣ್ಣ, ಸಾಲ ತಂದ ಬೆಂಚು. ಕೊರತೆ ತೋರಿಸಿದವರಿಗೆ ಕಟ್ಟಡ ಸಿಗುತ್ತದೆಂದು ಕೇಳಿದರೂ ಕೈ ತಾನಾಗಿ ಪೊರಕೆಯ ಕಡೆ ಹೋಗುತ್ತಿತ್ತು.

ನಡುಗಡ್ಡೆಯ ಶಾಲೆಯ ಟೀಚರಮ್ಮ ಗಿಳಿರಾಯನ ಒಡಹುಟ್ಟಿದ ಅಕ್ಕ. ಈ ಸಂಗತಿ ನಿರ್ದೇಶಕರಿಗೂ ಗೊತ್ತಿತ್ತು. ಬೇರೆಯವರನ್ನು ಕಳಿಸಿ ಎಂದು ಅವನು ಕೇಳಿಕೊಂಡಾಗ ಅವರು ಕನ್ನಡಕ ಮೇಲೆತ್ತಿ, "ನಿಮ್ಮಕ್ಕನಾ? ಆಯಮ್ಮ ತಮ್ಮ ಅಂತ ನಿನಗೊಂದು ಲೋಟ ನೀರು ಜಾಸ್ತಿ ಕೊಡೋರಲ್ಲ. ಹೋಗಿ ಬಾ," ಎಂದಿದ್ದರು.

ದೋಣಿ ದಡ ಮುಟ್ಟುವಾಗ ಮಂಜು ಹರಿದು ಬಿಸಿಲು ಬಿದ್ದಿತ್ತು. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಸೀಮೆಸುಣ್ಣ. ಗಿಳಿರಾಯನನ್ನು ಕಂಡು, "ಬನ್ನಿ ಸಾರ್," ಎಂದಳು. ಹಿಂದೆ ಹಗ್ಗ ಕಟ್ಟುತ್ತಿದ್ದ ದೋಣಿಯವನು ಆ ಸಾರ್ ಕೇಳಿ ತಲೆಯೆತ್ತಿದ. ಆಮೇಲೆ ಅವನು ಬಹಳ ಹೊತ್ತು ಆ ಗಂಟನ್ನೇ ಕಟ್ಟುತ್ತಿದ್ದ.

ಶಾಲೆಯೆಂದರೆ ಒಂದೇ ಉದ್ದನೆಯ ಕೋಣೆ. ಮಕ್ಕಳು ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡವರು ದೋಣಿ ಕಾಯಲೆಂದು ಮಾಡಿದ ಬೆಂಚು. ಒಬ್ಬರ ಕಾಲೂ ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲುಗಳೆಲ್ಲ ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದ್ದವು, ಇಡೀ ಶಾಲೆ ಎಲ್ಲಿಗೋ ಹೊರಡಲು ದೋಣಿಗೆ ಕಾದಂತಿತ್ತು. ಮೀನು ಮೂರನೆಯ ಸಾಲಿನಲ್ಲಿತ್ತು. ಅದರ ಹಳೆಯ ಪರಿಚಯದವನಂತೆ ಗಿಳಿರಾಯ ತಲೆಯಾಡಿಸಿದ.

ಹೆಂಚುಗಳ ಸಂದಿನಿಂದ ಬಿಸಿಲು ಇಳಿದು ಮಕ್ಕಳ ತಲೆಗಳ ಮೇಲೆ, ಭುಜಗಳ ಮೇಲೆ ಬಿಲ್ಲೆ ಬಿಲ್ಲೆಯಾಗಿ ಕೂತಿತ್ತು. ಎದುರಿನ ಗೋಡೆಯ ತುಂಬ ಮಕ್ಕಳೇ ಬರೆದು ಅಂಟಿಸಿದ ಹಿನ್ನೀರಿನ ಚಿತ್ರ, ಅದರಲ್ಲಿ ದೋಣಿಗಳು, ದೋಣಿಗಿಂತ ದೊಡ್ಡ ಮೀನುಗಳು. ಕಿಟಕಿಗಳು ಮುಚ್ಚಿದ್ದವು. ಆದರೂ ಅವನು ನೋಡುತ್ತಿದ್ದಂತೆ ಗೋಡೆಯ ಮೇಲಿನ ನೀರು ಉಸಿರೆಳೆದುಕೊಂಡು ಉಬ್ಬಿತು. ಒಂದು ಅಲೆ ಈ ತುದಿಯಿಂದ ಆ ತುದಿಗೆ ಹೋಯಿತು, ದೋಣಿಗಳು ಎದ್ದು ಇಳಿದವು. ಕಾಗದದ ಹಿಂದೆ, ಗೋಡೆಯಲ್ಲಿ, ಗಾಳಿ ಬರುವಷ್ಟು ದೊಡ್ಡ ಬಿರುಕಿತ್ತು.

ಚಿತ್ರ ಸರಿಸಿ ನೋಡಲೇ ಎಂದುಕೊಂಡು ಅವನು ಹೆಜ್ಜೆಯಿಟ್ಟ. ಅಕ್ಕ ನಡುವೆ ಬಂದು ನಿಂತಳು. "ಸಾರ್, ಒಂದು ನಿಮಿಷ ಹೊರಗೆ ಬನ್ನಿ," ಎಂದಳು.

ಜಗುಲಿಗೆ ಬಂದ ಮೇಲೆ ಸಾರ್ ಉದುರಿಹೋಯಿತು. "ಏನೋ, ಬಂದವನು ಬಂದ ಹಾಗೆ ಗೋಡೆ ಕೆರೆಯೋಕೆ ಹೋಗ್ತೀಯ?"

"ಅಕ್ಕ, ಆ ಬೆಂಚು ಮೂರು ದಿನದಿಂದ ನನಗಿಂತ ಮುಂಚೆ ಎಲ್ಲಾ ಕಡೆ ಹೋಗಿ ಕೂತಿದೆ. ಸಮೀಕ್ಷೆ ನಾನು ಮಾಡ್ತಿದೀನೋ ಅದು ಮಾಡ್ತಿದೆಯೋ ಗೊತ್ತಾಗ್ತಿಲ್ಲ."

ಅವಳಿಗೆ ನಗು ಬಂತು, ತಡೆದುಕೊಂಡಳು. "ಮನೆಗೆ ಯಾರಾದ್ರೂ ಬಂದ್ರೆ ಹರಿದ ಸೀರೆ ಉಟ್ಟುಕೊಂಡು ಬಾಗಿಲು ತೆಗೀತೀವೇನೋ?"

"ನಾನು ನೆಂಟ ಅಲ್ಲ ಅಕ್ಕ, ಕಚೇರಿ. ಸೂರು ಇನ್ನೊಂದು ಮಳೆ ತಡೆಯುತ್ತಾ?"

ಅವಳು ನೀರಿನ ಕಡೆ ನೋಡಿದಳು. "ತಡೆಯಲ್ಲ."

"ಬಿದ್ರೆ?"

"ಬಿದ್ರೆ ಶಾಲೆ ಮುಚ್ಚಿ ಮಕ್ಕಳನ್ನ ಆಚೆ ದಡಕ್ಕೆ ಹೋಗಿ ಅಂತಾರೆ. ಮಳೇಲಿ ದೋಣಿ ಇರಲ್ಲ. ಆಮೇಲೆ ಯಾರೂ ಎಲ್ಲಿಗೂ ಹೋಗಲ್ಲ, ಮನೇಲೇ ಇರ್ತಾರೆ." ಸೀಮೆಸುಣ್ಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದಳು. "ಹಾಗಂತ ನನ್ನ ಮಕ್ಕಳನ್ನ ಪಾಪ ಅನ್ನಿಸಿಕೊಳ್ಳೋಕೆ ಸಾಲಾಗಿ ಕೂರಿಸಲಾ? ಅದೂ ನಿನ್ನ ಮುಂದೆ? ನಾಳೆ ಕಟ್ಟಡ ಬಂದ್ರೆ, ತಮ್ಮ ಕೊಟ್ಟ, ಅಕ್ಕ ಇಸ್ಕೊಂಡಳು ಅಂತಾರೆ. ನಿನ್ನ ಕಣ್ಣಿಗೆ ಏನು ಕಾಣುತ್ತೋ ಅಷ್ಟು ಬರಿ, ಹೋಗು. ಅದೇ ಅಲ್ವಾ ನಿಮ್ಮ ಪದ್ಧತಿ? ಇರು, ಕುಡಿಯೋಕೆ ನೀರು ತರ್ತೀನಿ."

ಅವಳು ಹಿತ್ತಲ ಕಡೆ ಹೋದಳು. ಗಿಳಿರಾಯ ಜಗುಲಿಯಲ್ಲೇ ನಿಂತ. ಅವನು ಶಾಲೆಗೆ ಹೋಗುತ್ತಿದ್ದಾಗ ಅವನ ಚಡ್ಡಿಗೆ ತೇಪೆ ಹಾಕುತ್ತಿದ್ದವಳು ಇವಳೇ. ತೇಪೆ ಯಾವಾಗಲೂ ಒಳಗಡೆಯಿಂದ. ಹೊಲಿಗೆಯ ದಾರವನ್ನು ಚಡ್ಡಿಯಿಂದಲೇ ಬಿಚ್ಚಿ ತೆಗೆಯುತ್ತಿದ್ದಳು, ಬಣ್ಣ ಬೇರೆಯಾಗಬಾರದೆಂದು. ಇಡೀ ತರಗತಿಯಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ತೇಪೆ ದಿನವಿಡೀ ಅವನಿಗೆ ಒಳಗಿಂದ ಚುಚ್ಚುತ್ತಿತ್ತು. ಅದನ್ನು ಅವಳಿಗೆ ಎಂದೂ ಹೇಳಿರಲಿಲ್ಲ.

ಅವನು ಕೋಣೆಗೆ ವಾಪಸು ಬಂದ. ಬಿಸಿಲಿನ ಬಿಲ್ಲೆಗಳು ಅಷ್ಟರಲ್ಲೇ ಒಬ್ಬರ ಭುಜದಿಂದ ಇನ್ನೊಬ್ಬರ ಭುಜಕ್ಕೆ ಸರಿದಿದ್ದವು. ಎಲ್ಲರ ಕಣ್ಣೂ ಅವನ ಮೇಲೆ. ಬಾಗಿಲ ಪಕ್ಕಕ್ಕೆ ಸರಿದು, ಮಕ್ಕಳಿಗೆ ಬೆನ್ನು ಮಾಡಿ, ಅವನು ಅಕ್ಕನ ದನಿಯಲ್ಲಿ ಹೇಳಿದ:

"ಎಲ್ಲಾ ದಿನದ ಹಾಗೆ ನಿಮ್ಮ ನಿಮ್ಮ ಜಾಗಕ್ಕೆ ಹೋಗ್ರಪ್ಪಾ."

ಎರಡು ಸಲವಲ್ಲ, ಇಡೀ ಬಾಲ್ಯ ಕೇಳಿದ ದನಿ. ಕೊನೆಯ ಆ 'ಪ್ಪಾ'ದಲ್ಲಿ ಗದರಿಕೆಯೂ ಮುದ್ದೂ ಇಷ್ಟಿಷ್ಟೇ. ಮಕ್ಕಳು ಟೀಚರಮ್ಮ ಎಲ್ಲಿ ಎಂದು ಕೂಡ ನೋಡಲಿಲ್ಲ. ದಡದಡನೆ ಬೆಂಚುಗಳಿಂದ ಇಳಿದು, ಅವನ್ನೆಲ್ಲ ಹಿಂದಿನ ಗೋಡೆಗೆ ತಳ್ಳಿ, ನೆಲದ ಮೇಲೆ ಕೂತರು. ಗಲಾಟೆ ಒಂದು ಗಳಿಗೆಯದ್ದು. ಆಮೇಲೆ ಹೂ ಅರಳಿ ನಿಂತಂತೆ ಎಲ್ಲವೂ ನಿಂತಿತು.

ಗಿಳಿರಾಯ ತಿರುಗಿ ನೋಡಿದ. ಮಕ್ಕಳು ಗೋಡೆಗಳ ಉದ್ದಕ್ಕೂ ಒಬ್ಬರಿಗೊಬ್ಬರು ಅಂಟಿಕೊಂಡು, ಮೊಣಕಾಲು ಮಡಚಿ, ಪುಸ್ತಕ ಎದೆಗೊತ್ತಿಕೊಂಡು ಕೂತಿದ್ದರು. ಕೋಣೆಯ ನಡುವೆ ದೊಡ್ಡದೊಂದು ಜಾಗ ಖಾಲಿ. ಅಲ್ಲಿ ನೆಲದ ಗಾರೆ ಸವೆದು ನುಣ್ಣಗೆ ತಗ್ಗಾಗಿತ್ತು. ಕಪ್ಪು ಹಲಗೆಯ ಬಳಿ ಇನ್ನೊಂದು ಖಾಲಿ, ಚಿತ್ರದ ಗೋಡೆಯ ಕೆಳಗೆ ಮತ್ತೊಂದು, ಉದ್ದನೆಯದು. ಯಾರೂ ಗೆರೆ ಎಳೆದಿರಲಿಲ್ಲ. ಆದರೂ ಒಂದು ಕಾಲಿನ ಹೆಬ್ಬೆರಳು ಕೂಡ ಒಳಗೆ ಚಾಚಿರಲಿಲ್ಲ.

ಅವನು ಬಗ್ಗಿ, ತನ್ನ ಸ್ವಂತ ದನಿಯಲ್ಲಿ, ಅಂಚಿನಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದ. ಎರಡು ಜಡೆ, ಒಂದು ಬಿಚ್ಚಿಹೋಗಿತ್ತು. "ಇಷ್ಟೊಂದು ಜಾಗ ಇದೆಯಲ್ಲಮ್ಮ. ಇಲ್ಲಿ ಯಾಕೆ ಯಾರೂ ಕೂರಲ್ಲ?"

ಹುಡುಗಿ ಅವನನ್ನು ಏನೂ ಗೊತ್ತಿಲ್ಲದವನನ್ನು ನೋಡುವಂತೆ ನೋಡಿದಳು. "ಅಲ್ಲಿ ಮಳೆ ಕೂರುತ್ತೆ."

"ಈಗ ಮಳೆ ಇಲ್ವಲ್ಲ."

"ಈಗ ಊರಿಗೆ ಹೋಗಿದೆ. ಬರುತ್ತೆ."

ಹಿಂದಿನಿಂದ ಒಬ್ಬ, "ಅದು ಹೋಂವರ್ಕೇ ಮಾಡಲ್ಲ ಸಾರ್," ಎಂದ. ಇನ್ನೊಬ್ಬ, "ನನ್ನ ಪುಸ್ತಕಾನೂ ಅಳಿಸಿಬಿಡ್ತು," ಎಂದ. ಮಳೆಯ ಮೇಲಿನ ದೂರುಗಳು ಗೋಡೆಯಿಂದ ಗೋಡೆಗೆ ಹರಿದಾಡಿದವು, ಪಕ್ಕದಲ್ಲಿ ಕೂರುವ ತುಂಟನ ಮೇಲಿನ ದೂರುಗಳಂತೆ. ಗಿಳಿರಾಯನ ಕಣ್ಣು ಆ ಖಾಲಿ ಜಾಗದಲ್ಲೇ ನೆಟ್ಟಿತ್ತು. ಬಿಸಿಲಿನ ಬಿಲ್ಲೆಗಳು ಈಗ ಒಂದೊಂದಾಗಿ ಅಲ್ಲಿಗೇ ಬಂದು ಕೂರುತ್ತಿದ್ದವು.

"ನನ್ನ ದನಿ ನನಗೇ ಹಿತ್ತಲಿಗೆ ಕೇಳಿಸ್ತು," ಎಂದಳು ಅಕ್ಕ. ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಕ್ಕಳು ಅವಳನ್ನೂ ಅವನನ್ನೂ ನೋಡಿದರು. ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

"ಕಣ್ಣಿಗೆ ಕಂಡದ್ದು ಬರಿ ಅಂದೆಯಲ್ಲ ಅಕ್ಕ," ಎಂದ ಗಿಳಿರಾಯ. "ಈಗ ಕಂಡಿತು."

ಅವಳು ಗೋಡೆಗೊರಗಿಸಿದ ಬೆಂಚುಗಳನ್ನು, ನೆಲದ ಮೇಲಿನ ಮಕ್ಕಳನ್ನು, ನಡುವಿನ ಆ ತಗ್ಗನ್ನು, ಬೇರೆಯವರ ಮನೆಗೆ ಬಂದವಳಂತೆ ನೋಡುತ್ತಾ ನಿಂತಳು.

"ಆ ಎರಡು ಶಾಲೇಲಿ ಹೀಗೆ ಕೂರಿಸಿ ನೋಡಿದ್ಯಾ?"

"ಇಲ್ಲ. ಬೆಂಚಿನ ಮೇಲೇ ನೋಡಿ ಬಂದೆ."

"ಹಾಗಾದ್ರೆ ಈಗಲೇ ಏನೂ ಬರೀಬೇಡ. ವಾಪಸ್ ಹೋಗು. ಅಲ್ಲೂ ಅವರವರ ಜಾಗಕ್ಕೆ ಕೂರಿಸಿ ನೋಡು. ನಮಗಿಂತ ಅಲ್ಲೇ ಜಾಸ್ತಿ ಮಳೆ ಕೂರುತ್ತೆ ಅಂದ್ರೆ ಅವರಿಗೇ ಬರಿ."

"ಅವರಿಗೇ ಬಂದ್ರೆ ನೀನೇನು ಮಾಡ್ತೀಯ ಅಕ್ಕ?"

"ಮಕ್ಕಳನ್ನ ಇನ್ನೂ ಸ್ವಲ್ಪ ಒತ್ತಿ ಕೂರಿಸ್ತೀನಿ." ಅವಳು ಬಿಚ್ಚಿದ ಜಡೆಯ ಹುಡುಗಿಯ ತಲೆ ಸವರಿದಳು. "ಆ ಮೇಷ್ಟ್ರುಗಳ ದನಿ ಬರುತ್ತಾ ನಿನಗೆ?"

ಗಿಳಿರಾಯ ಗಂಟಲು ಸರಿಮಾಡಿಕೊಂಡು, ಮೂಗಿನಿಂದ, ಗುಡ್ಡದ ಶಾಲೆಯ ಮೇಷ್ಟ್ರಂತೆ ಎಳೆದ: "ಕೂತ್ಕೊಳ್ಳೀ... ಕೂತ್ಕೊಳ್ಳೀ ಮಕ್ಕಳೇ..." ಮಕ್ಕಳು ಹೋ ಎಂದು ನಕ್ಕರು. ಅಕ್ಕನೂ ನಕ್ಕಳು, ಈ ಸಲ ತಡೆದುಕೊಳ್ಳದೆ.

ಹೊರಗೆ ದೋಣಿಯವನು ಬೆಂಚು ಹೊರಲು ಬಂದಿದ್ದ. ಒಳಗಿನದ್ದು ಕಂಡು ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಇವು ಪಾಸಾದ್ವಾ ಸಾರ್?" ಎಂದು ಮೆಲ್ಲಗೆ ಕೇಳಿದ.

"ಸಾಕು ಇವುಗಳ ಓದು," ಎಂದಳು ಅಕ್ಕ. "ಕಟ್ಟೆಗೆ ಹಾಕಪ್ಪ, ಜನ ಕೂರಲಿ."

ಬೆಂಚುಗಳು ಒಂದೊಂದಾಗಿ ಬಿಸಿಲಿಗೆ ಹೋದವು. ಅಕ್ಕ ಲೋಟವನ್ನು ಕೊಡಲು ಮುಂದೆ ಬಂದಳು. ಬೆಂಚುಗಳಿಗೆ ದಾರಿ ಬಿಟ್ಟು ಗಿಳಿರಾಯ ಖಾಲಿ ಜಾಗದ ಆ ಬದಿಗೆ ಸರಿದಿದ್ದ, ಅವಳು ಈ ಬದಿಯಲ್ಲಿ. ನೆಲ ಒಣಗಿತ್ತು, ನೆಟ್ಟಗೆ ಬಂದರೆ ನಾಲ್ಕು ಹೆಜ್ಜೆ. ಅವಳು ಸೀರೆಯ ನೆರಿಗೆಯನ್ನು ಒಂದಿಷ್ಟು ಎತ್ತಿ ಹಿಡಿದು, ಮಕ್ಕಳ ಮೊಣಕಾಲುಗಳ ಪಕ್ಕದಲ್ಲಿ, ಖಾಲಿ ಜಾಗದ ಅಂಚು ಹಿಡಿದು ಸುತ್ತಿ ಬಂದಳು.

ಅವನು ನೀರು ಕುಡಿದು ಲೋಟ ಕೊಟ್ಟ. ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟವನು, ಅವನೂ ಸುತ್ತಿಯೇ ಹೋದ.