ಗೆದ್ದಲು ತಿಂದ ರಾಜನ ತಲೆ

ಹಳೇ ಸಿನೆಮಾ ಪೋಸ್ಟರಿಗೆ ಚೌಕಟ್ಟು ಹಾಕಿಸಿ ಮನೆಯೊಳಗೆ ತೂಗುಹಾಕುವ ಜನ ಭೂಮಿಯ ಮೇಲೆ ಇದ್ದಾರೆ ಎಂದು ಸಾಲಿಗ್ರಾಮದ ಕುಷ್ಟನಿಗೆ ಗೊತ್ತಾದದ್ದು ಎಪ್ಪತ್ತೊಂದನೇ ಇಸವಿಯಲ್ಲಿ. ಅಲ್ಲಿಯವರೆಗೆ ಪೋಸ್ಟರ್ ಎಂದರೆ ದನ ತಿನ್ನುವ ವಸ್ತು ಎಂದೇ ಅವನು ತಿಳಿದಿದ್ದ. ಮೈದಾ ಗಂಜಿಯ ಆಸೆಗೆ ಕುಂದಾಪುರದ ದನಗಳು ಎಷ್ಟು ಜನ ನಾಯಕಿಯರನ್ನು ನುಂಗಿ ನೀರು ಕುಡಿದಿದ್ದವೋ, ಲೆಕ್ಕ ಇಟ್ಟವರಿಲ್ಲ.

ಕುಷ್ಟ ಯಕ್ಷಗಾನ ಮೇಳಕ್ಕೆ ಕಿರೀಟ, ಭುಜಕೀರ್ತಿ ಕೆತ್ತಿ ಬಣ್ಣ ಕೊಡುವವನು. ಮಳೆಗಾಲದಲ್ಲಿ ಆಟ ನಿಂತರೆ ಅಂಗಡಿ ಬೋರ್ಡು ಬರೆಯುತ್ತಿದ್ದ. ಅಂಥವನ ಅಂಗಳಕ್ಕೆ ಒಂದು ದಿನ ಚಂದಯ್ಯ ಶೆಟ್ರ ಕಾರು ಬಂತು. ಶೆಟ್ರು ಬೊಂಬಾಯಿಯಲ್ಲಿ ಹೋಟೆಲು ಇಟ್ಟು ಮೇಲೆ ಬಂದವರು. ಕುಂದಾಪುರದಲ್ಲಿ ಹೊಸ ಮನೆ ಕಟ್ಟಿಸಿ, ತಾವು ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಕಂಡ ಸಿನೆಮಾಗಳ ಪೋಸ್ಟರು ಹುಡುಕಿ ತರಿಸುವ ಹುಚ್ಚು ಹಿಡಿಸಿಕೊಂಡಿದ್ದರು. ಹೋಟೆಲಿನ ಜನಕ್ಕೆ ಹುಚ್ಚು ಹಿಡಿದರೆ ಬಿಡಿಸಲು ಯಾವ ಗುಳಿಗ ದೈವದಿಂದಲೂ ಆಗದು.

ಕಾರಿನಿಂದ ಇಳಿದದ್ದು ಒಂದು ಪೌರಾಣಿಕ ಸಿನೆಮಾದ ಪೋಸ್ಟರು. ವಂಡ್ಸೆಯ ಜಿನಸಿನ ಅಂಗಡಿಯಲ್ಲಿ ಅಕ್ಕಿ ಪೆಟ್ಟಿಗೆಯ ಒಳಮೈಗೆ ಅಂಟಿಸಿದ್ದನ್ನು ಇಪ್ಪತ್ತೈದು ವರ್ಷದ ಮೇಲೆ ಬಿಡಿಸಿ ತಂದದ್ದು. ಸಿಂಹಾಸನ ಇತ್ತು, ಕತ್ತಿ ಇತ್ತು, ಎದೆಯ ಮೇಲೆ ಹಾರ ಇತ್ತು. ಕುತ್ತಿಗೆಯಿಂದ ಮೇಲೆ ಮಾತ್ರ ರಾಜನೇ ಇರಲಿಲ್ಲ. ಗೆದ್ದಲು ಅಲ್ಲಿಗೆ ಊಟ ಮುಗಿಸಿ ಎದ್ದಿತ್ತು.

“ಇದ್ಕೊಂದ್ ತಲೆ ಬೇಕ್ ಕುಷ್ಟ,” ಅಂದರು ಶೆಟ್ರು. “ಹೊಸ್ತ್ ಅಂದೇಳಿ ಯಾರಿಗೂ ಗೊತ್ತಾಪ್ಕಾಗ.”

“ರಾಜ ಕಾಂಬುಕೆ ಹ್ಯಾಂಗಿದ್ದಿದ್ದ ಶೆಟ್ರೇ?”

“ರಾಜನ್ ಹಾಂಗೇ ಇದ್ದಿದ್ದ ಮರಾಯ.”

ಕುಷ್ಟ ಆ ಸಿನೆಮಾ ಕಂಡವರನ್ನು ಕೇಳಿಕೊಂಡು ಹೊರಟ. ಟೆಂಟಿನ ಬಾಗಿಲು ಕಾಯುತ್ತಿದ್ದ ಬಚ್ಚ ರಾಜನಿಗೆ ಮೀಸೆ ಇತ್ತು ಎಂದ. ಅದೇ ಟೆಂಟಿನಲ್ಲಿ ಸೋಡಾ ಮಾರುತ್ತಿದ್ದ ಮುತ್ತು ಮೀಸೆಯೇ ಇರಲಿಲ್ಲ ಎಂದ. ಇಬ್ಬರೂ ದೇವರಾಣೆ ಹಾಕಿದರು.

“ಗೊತ್ತಿಲ್ದಿರೆ ಬಿಟ್ಬಿಡಿ,” ಅಂದಳು ಹೆಂಡತಿ ರಾಜೀವಿ. “ತೂತ್ ತೂತಾಯೇ ಇರ್ಲಿ. ಇಲ್ದಿದ್ದನ್ನ್ ಬರ್ದ್, ಮೊದ್ಲೇ ಇತ್ತ್ ಅಂದ್ರೆ ಸುಳ್ಳಾತ್ತಿಲ್ಯಾ?”

“ಹೊಸ ಮನಿಯಗೆ ರುಂಡ ಇಲ್ದಿದ್ ರಾಜನ್ನ ತೂಗ್ಸುಕಾತ್ತಾ? ಅವ್ರ್ ಮನಿ ಒಕ್ಲೋ, ಸತ್ತವ್ರ್ ಬೊಜ್ಜವೋ?”

ರಾಜೀವಿಗೆ ಹೀಗೆ ಹೇಳಿ ಬಣ್ಣವನ್ನೇನೋ ಕಲಸಿದ. ಆದರೆ ಬಿಳಿ ಕಾಗದದ ಮುಂದೆ ಕುಳಿತವನ ಕೈಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ನೋಡುನೋಡುತ್ತ ಸಿನೆಮಾದ ರಾಜನಿಗೆ ಜರಿಪಟ್ಟಿ ಸುತ್ತಿದ ಯಕ್ಷಗಾನದ ದೊಡ್ಡ ಮುಂಡಾಸು ಬಂತು, ಹಣೆಗೆ ನಾಮ ಬಂತು. ಮುಂಡಾಸಿನ ಕೆಳಗೆ ಒಂದು ಮುಖ ಬೇಕಲ್ಲ? ಅಲ್ಲಿ ಕುಷ್ಟ ಇಷ್ಟು ವರ್ಷ ಕಂಡ ಮುಖವೂ ಒಂದೇ. ಮೇಳದಲ್ಲಿ ರಾಜವೇಷ ಹಾಕುತ್ತಿದ್ದ, ಹೋದ ವರ್ಷ ತೀರಿಕೊಂಡ ಐತಣ್ಣನದು. ಎಡಗಡೆಯ ಹುಬ್ಬು ತುಸು ಮೇಲೆ, ಗಲ್ಲದಲ್ಲಿ ಒಂದು ಗುಳಿ. ಆ ಮನುಷ್ಯನ ಒಂದು ಫೋಟೋ ಕೂಡ ಯಾರ ಹತ್ತಿರವೂ ಇರಲಿಲ್ಲ. ಬರೆದು ಮುಗಿದಾಗ ಕುಷ್ಟನಿಗೆ ಅಳು ಬಂತು, ಅತ್ತ. ಆಮೇಲೆ ಚಹಾ ಕುಡಿದು, ಉಳಿದದ್ದನ್ನು ಕಾಗದಕ್ಕೆ ಬಳಿದು ಇಪ್ಪತ್ತೈದು ವರ್ಷ ವಯಸ್ಸು ಮಾಡಿದ.

ಪೋಸ್ಟರು ನೋಡಿ ಶೆಟ್ರು ತೊಡೆ ತಟ್ಟಿಕೊಂಡರು. “ಇದೇ ಮುಖ ಮರಾಯ. ಸಣ್ಣ್ ಹುಡ್ಗ ಇಪ್ಪತಿಗೆ ನಾ ಕಂಡದ್ದ್ ಇವ್ನನ್ನೇ.”

ಮೀಸೆಯ ವಿಷಯ ಅವರು ಎತ್ತಲಿಲ್ಲ, ಕುಷ್ಟನೂ ಎತ್ತಲಿಲ್ಲ.

ಹೀಗೆಯೇ ಮುಗಿದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಶೆಟ್ರ ಬೊಂಬಾಯಿಯ ಸ್ನೇಹಿತರು ಪಾಂಡು ಕಾಮತ್ರು ಊರಿಗೆ ಬಂದರು. ಅವರಿಗೂ ಇದೇ ಹುಚ್ಚು, ಶೆಟ್ರಿಗಿಂತ ಹಳೆಯದು. ಆ ಹೊತ್ತಿಗೆ ಕುಷ್ಟ ಅದೇ ಚಾವಡಿಯಲ್ಲಿ ಇನ್ನೊಂದು ಪೋಸ್ಟರಿಗೆ ಮೊಳೆ ಹೊಡೆಯುತ್ತಿದ್ದ. ಕಾಮತ್ರು ರಾಜನ ಮುಂದೆ ನಿಂತವರು ಅಲ್ಲಾಡಲಿಲ್ಲ.

“ಸಿನೆಮಾದಲ್ಲಿ ಯಕ್ಷಗಾನದ ಮುಂಡಾಸು! ಈ ಸಂಗತಿ ಯಾರಿಗೂ ಗೊತ್ತಿಲ್ಲ ಶೆಟ್ರೇ. ನಾನು ಪೇಪರಿನಲ್ಲಿ ಬರೆಯುತ್ತೇನೆ. ಈ ನಟ ಯಾರು ಅಂತ ಮದ್ರಾಸಿನಲ್ಲಿ ವಿಚಾರಿಸಿ ಹೆಸರನ್ನೂ ಹಾಕಿಸುತ್ತೇನೆ.”

ಶೆಟ್ರು ಕುಷ್ಟನ ಕಡೆ ಕಣ್ಣು ಮಿಟುಕಿಸಿದರು. ಕುಷ್ಟ ಮಾತ್ರ ಎತ್ತಿದ ಸುತ್ತಿಗೆಯನ್ನು ಕೆಳಗಿಟ್ಟ. ಬಾಯಿ ಬಿಟ್ಟರೆ ಶೆಟ್ರ ಮರ್ಯಾದೆ ಹೋಗುತ್ತದೆ, ಕುಂದಾಪುರದಲ್ಲಿ ತನಗೆ ಇನ್ನೊಂದು ಬೋರ್ಡು ಸಿಗುವುದಿಲ್ಲ. ಬಾಯಿ ಮುಚ್ಚಿದರೆ ಐತಣ್ಣನ ಮುಖದ ಕೆಳಗೆ ಮದ್ರಾಸಿನ ಯಾರದೋ ಹೆಸರು ಬರುತ್ತದೆ. ಜೀವಮಾನವಿಡೀ ಕಂಡವರ ವೇಷ ಹಾಕಿ ಕುಣಿದವನು ಸತ್ತ ಮೇಲಾದರೂ ತಾನಾಗಬಾರದೇ? ಕುಷ್ಟನಿಗೆ ತಡೆಯಲಾಗಲಿಲ್ಲ.

“ಬರೀಬೇಡಿ ಕಾಮತ್ರೇ,” ಅಂದ. “ಅದ್ ಸಿನೆಮಾದವ್ರಲ್ಲ, ನಮ್ಮ್ ಮೇಳದ್ ಐತಣ್ಣ. ತಲೆ ಗೆದ್ಲ್ ತಿಂದಿತ್ತ್. ನಾ ಬರ್ದದ್ದ್.”

ಕಾಮತ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಹಾಗಾದರೆ ತೂತೇ ಚೆಂದ ಇತ್ತು ಮಾರಾಯ್ರೆ. ತೂತಾದರೂ ನಿಜದ್ದು.”

ಶೆಟ್ರ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. “ಕೆರ್ದ್ ತೆಗಿ ಅದನ್ನ್,” ಅಂದರು.

ಕೆರೆಯುವ ಅಗತ್ಯ ಇರಲಿಲ್ಲ. ಮೇಳದ ಕೆಲಸದವರು ಯಾವುದನ್ನೂ ಬಿಡಿಸಲಾಗದ ಹಾಗೆ ಅಂಟಿಸುವುದಿಲ್ಲ. ಮುಂದಿನ ವರ್ಷ ಹಳೇ ಜರಿ ಕಿತ್ತು ಹೊಸದು ಹಾಕಬೇಕಲ್ಲ. ಕುಷ್ಟ ಬೇರೆ ಕಾಗದದಲ್ಲಿ ಬರೆದು, ಹಿಂದಿನಿಂದ ಅನ್ನದ ಗಂಜಿ ಸವರಿ ನಿಲ್ಲಿಸಿದ್ದ. ಒದ್ದೆ ಬಟ್ಟೆ ಒತ್ತಿ ಹಿಡಿದ. ಐತಣ್ಣ ಮೆಲ್ಲಗೆ ಬಿಟ್ಟುಕೊಂಡು ಕೈಗೆ ಬಂದ. ರಾಜನಿಗೆ ಮತ್ತೆ ತಲೆ ಇಲ್ಲದಾಯಿತು, ಕಾಮತ್ರಿಗೆ ಬಹಳ ಸಂತೋಷವಾಯಿತು.

ಹೊರಟವನನ್ನು ಶೆಟ್ರು ಗೇಟಿನ ಹತ್ತಿರ ನಿಲ್ಲಿಸಿದರು. “ನಾ ಕಂಡದ್ದ್ ಇದೇ ಮುಖ ಅಂದದ್ದ್ ಸುಳ್ಳಲ್ಲ ಮರಾಯ. ಸಣ್ಣದಿಪ್ಪತಿಗೆ ಮೇಳದ್ ಆಟವೂ ಕಾಣ್ತಿದ್ದೆ.” ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಐತಣ್ಣನ ಊರಾದ ಕೊಕ್ಕರ್ಣೆಗೆ ಹೋಗಲು ಕಾರು ಕೊಟ್ಟರು.

ಕೊಕ್ಕರ್ಣೆಯಲ್ಲಿ ಐತಣ್ಣನ ಹೆಂಡತಿ ವನಜಕ್ಕ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಕುಷ್ಟ ಹೆಗಲ ಮೇಲೆ ಹಾಕುವ ಬೈರಾಸಿನಿಂದ ಕಾಗದ ಬಿಡಿಸಿ ಅವಳ ಮುಂದೆ ಹಿಡಿದ. ಅವಳು ಗೆರಸಿ ಕೆಳಗಿಟ್ಟು ನೋಡಿದಳು.

“ಮೂಗ್ ಇಷ್ಟ್ ಉದ್ದ ಇರ್ಲಿಲ್ಲ,” ಅಂದಳು.

“ತಿದ್ದಿ ಕೊಡ್ತೆ ವನಜಕ್ಕ.”

“ಬ್ಯಾಡ. ಮುಟ್ಬೇಡ.” ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಹುಬ್ಬಿನ ಮೇಲೆ ಬೆರಳಾಡಿಸಿದಳು. “ಎಷ್ಟ್ ವರ್ಷ ಮೇಳದಗಿದ್ರೂ ಬಣ್ಣ ತೊಳ್ಕಂಡೇ ಮನೀಗ್ ಬಪ್ಪುದ್ ಅವ್ರ್. ನಂಗ್ ಸಿಕ್ಕಿದ್ದ್ ಬರೀ ನಿದ್ರೆಗಣ್ಣ್. ರಾಜ ಆಯಿ ಬಂದದ್ ಇವತ್ತೇ ಕಾಣ್.”